ಉಮಾಶಂಕರನಿಗೆ ಬಾರದ ಕಾರ್ಡು

ಇಂಗ್ಲೆಂಡಿನ ಸೊಲಿಹಲ್ಲಿನಲ್ಲಿರುವ ಉಮಾಶಂಕರನಿಗೆ ಸಿಟ್ಟು ಬರುವುದೇ ಅಪರೂಪ. ಪಕ್ಕದ ಮನೆಯವನ ಬೇಲಿ ಒಂದು ಗೇಣು ಒಳಗೆ ಬಂದಾಗಲೂ ಬರಲಿಲ್ಲ, ತನಗೆ ಸಿಗಬೇಕಿದ್ದ ಪ್ರಮೋಷನ್ನು ತಾನೇ ಕೆಲಸ ಕಲಿಸಿದವನಿಗೆ ಸಿಕ್ಕಾಗಲೂ ಬರಲಿಲ್ಲ. ಆದರೆ ಮಾರ್ನಿಂಗ್ ಲ್ಯಾಂಪ್ ರೇಡಿಯೋ ಎಂಬ ಹೆಸರು ಕಿವಿಗೆ ಬಿದ್ದರೆ ಮುಗಿಯಿತು, ಮುಖ ಕೆಂಪಾಗುತ್ತಿತ್ತು. ಕಷ್ಟವೇನೆಂದರೆ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ಅಂಥದೊಂದು ಸ್ಟೇಷನ್ ಇದೆಯೆಂದು ಯಾರಪ್ಪನಿಗೆ ಗೊತ್ತಿತ್ತು? ಹಾಗಾಗಿ ಪಾಪ, ಅವನೇ ಹೆಸರೆತ್ತಿ, ಅವನೇ ಸಿಟ್ಟಾಗಿ, ಅವನೇ ಸಮಾಧಾನ ಮಾಡಿಕೊಳ್ಳಬೇಕಾಗಿತ್ತು.

ಸಂಗತಿ ಏನೆಂದರೆ, ಚಿತ್ರದುರ್ಗದಲ್ಲಿ ಹೈಸ್ಕೂಲು ಓದುವಾಗ ಅವನಿಗೆ ಶಾರ್ಟ್‌ವೇವ್ ಹುಚ್ಚು ಹಿಡಿದಿತ್ತು. ಅಪ್ಪನ ವಾಲ್ವ್ ರೇಡಿಯೋದ ಮುಂದೆ ಕೂತು, ಕೂದಲೆಳೆಯಷ್ಟೇ ಮುಳ್ಳು ಸರಿಸುತ್ತ, ಕರಕರ ಸದ್ದಿನ ನಡುವೆ ಯಾವುದೋ ದೇಶದ ಧ್ವನಿಯನ್ನು ಹಿಡಿಯುವುದು. ಹಿಡಿದ ಮೇಲೆ ಆ ಸ್ಟೇಷನ್ನಿಗೆ ಪತ್ರ ಬರೆಯುವುದು: ಇಂಥ ತಾರೀಖು, ಇಷ್ಟು ಗಂಟೆಗೆ, ಇಷ್ಟನೇ ಮೀಟರಿನಲ್ಲಿ ನಿಮ್ಮನ್ನು ಕೇಳಿದೆ, ಇಂಥವರು ಮಾತಾಡಿದರು, ಧ್ವನಿ ಇಷ್ಟು ಸ್ಪಷ್ಟವಿತ್ತು. ಸ್ಟೇಷನ್ನಿನವರು ತಮ್ಮ ದಿನಚರಿ ಪುಸ್ತಕ ತೆರೆದು, ತಾಳೆ ನೋಡಿ, "ಹೌದು, ನೀವು ಕೇಳಿದ್ದು ನಮ್ಮನ್ನೇ" ಎಂದು ಖಾತ್ರಿಪಡಿಸಿ ಒಂದು ಚಿತ್ರದ ಕಾರ್ಡು ಕಳಿಸುತ್ತಿದ್ದರು. ಈ ಹುಚ್ಚಿನವರು ಲೋಕದ ತುಂಬ ಇದ್ದಾರೆ, ಅದನ್ನು ಕ್ಯೂಎಸ್ಎಲ್ ಕಾರ್ಡು ಎನ್ನುತ್ತಾರೆ. ಉಮಾಶಂಕರನ ಬಳಿ ಅಂಥವು ನೂರಾ ಹನ್ನೆರಡಿದ್ದವು. ಎಲ್ಲವನ್ನೂ ಒಂದು ದಪ್ಪ ಆಲ್ಬಮ್ಮಿನಲ್ಲಿ ಅಂಟಿಸಿ, ಪುಟಕ್ಕೊಂದು ನಂಬರು ಹಾಕಿದ್ದ.

ನಲವತ್ತೇಳನೇ ಪುಟ ಮಾತ್ರ ಖಾಲಿ. ಅಲ್ಲಿ ಬರಬೇಕಾಗಿದ್ದದ್ದು ಮಾರ್ನಿಂಗ್ ಲ್ಯಾಂಪಿನ ಕಾರ್ಡು. ಅದು ಕ್ರೈಸ್ತ ಸ್ಟೇಷನ್ನು. ದಿನಾ ಸಂಜೆ ಏಳೂಕಾಲಿಗೆ ಹದಿನೈದು ನಿಮಿಷ ಕನ್ನಡದಲ್ಲಿ ಬರುತ್ತಿತ್ತು. ಇಂಗ್ಲೆಂಡಿನವರು ಕನ್ನಡದಲ್ಲಿ ಮಾತಾಡುತ್ತಾರೆಂದರೆ ಆಗಿನ ಚಿತ್ರದುರ್ಗದ ಹುಡುಗರಿಗೆ ಅದೇನು ಸಾಮಾನ್ಯವೇ? 1979ರ ಮಾರ್ಚ್ ಹದಿನೆಂಟರ ಕಾರ್ಯಕ್ರಮಕ್ಕೆ ಅವನು ವರದಿ ಬರೆದು, ಗೆಳೆಯರಿಗೆಲ್ಲ ಹೇಳಿಕೊಂಡು, ಕಾರ್ಡು ಬರುವ ಮೊದಲೇ ಪುಟ ಕಾಯ್ದಿರಿಸಿದ್ದ. ಕಾರ್ಡು ಬರಲಿಲ್ಲ. ಗೆಳೆಯರು ವರ್ಷವಿಡೀ "ಏನೋ, ಇಂಗ್ಲೆಂಡಿಂದ ಬಂತೇನೋ?" ಎಂದು ರೇಗಿಸಿದರು. ಅವನು ಇಂಜಿನಿಯರಾದ, ಮದುವೆಯಾದ, ಕಾರು ಕಾರ್ಖಾನೆಯ ಕೆಲಸ ಹಿಡಿದು ಸೊಲಿಹಲ್ಲಿಗೆ ಬಂದ; ಖಾಲಿ ಪುಟವೂ ಜೊತೆಗೇ ಬಂತು.

"ಬಿಡ್ರೀ ಅತ್ಲಾಗೆ," ಎನ್ನುತ್ತಿದ್ದಳು ಹೆಂಡತಿ ಉಷಾ. "ನಮ್ಮ ಮದುವೆ ಫೋಟೋ ಇನ್ನೂ ಸ್ಟುಡಿಯೋದವನು ಕೊಟ್ಟ ಕವರಲ್ಲೇ ಇದೆ. ಈ ಕಾರ್ಡುಗಳಿಗೆ ಮಾತ್ರ ರೇಷ್ಮೆ ಬಟ್ಟೆ ಸುತ್ತಿದ ಆಲ್ಬಮ್ಮು!"

"ನಾನು ನಿಯತ್ತಾಗಿ ಬರೆದಿದ್ದೆ ಉಷಾ. ನಿಯತ್ತಿಗೆ ಉತ್ತರ ಕೊಡಬೇಕಾಗಿತ್ತು. ಅದೂ ದೇವರ ಹೆಸರು ಹೇಳೋ ಜನ!"

ಈ ಮಾತನ್ನು ಉಷಾ ಎಷ್ಟು ಸಲ ಕೇಳಿದ್ದಳೆಂದರೆ, ಅವನು "ನಾನು ನಿ" ಎನ್ನುವಷ್ಟರಲ್ಲಿ ಕುಕ್ಕರು ಹಚ್ಚಲು ಎದ್ದು ಹೋಗುತ್ತಿದ್ದಳು.

2000ನೇ ಇಸವಿಯ ಒಂದು ಶನಿವಾರ ಇಬ್ಬರೂ ಟಿವಿಡೇಲಿನ ಬಾಲಾಜಿ ಗುಡಿಗೆ ಹೊರಟಿದ್ದರು. ಗುಡಿ ಆಗ ಇನ್ನೂ ಪೂರ್ತಿ ಎದ್ದಿರಲಿಲ್ಲ, ಆದರೂ ಶನಿವಾರ ಬಂತೆಂದರೆ ಸುತ್ತಲಿನ ಊರಿನವರೆಲ್ಲ ಕಾರು ಹತ್ತುತ್ತಿದ್ದರು. ಮೋಟರ್‌ವೇ ಇಳಿದ ಮೇಲೆ ಉಮಾಶಂಕರ ರೌಂಡಬೌಟಿನಲ್ಲಿ ತಪ್ಪು ರಸ್ತೆಗೆ ಹೊಕ್ಕ. ಉಷಾ ಮಡಿಲಲ್ಲಿ ತೆಂಗಿನಕಾಯಿಯನ್ನೂ ಅದರ ಮೇಲೆ ನಕ್ಷೆಯ ಪುಸ್ತಕವನ್ನೂ ಇಟ್ಟುಕೊಂಡು "ಎಡಕ್ಕೆ ಅಂದೆ, ಎಡಕ್ಕೆ" ಎನ್ನುತ್ತಿದ್ದಳು. ಒಂದು ಟೈರಿನ ಅಂಗಡಿ, ಒಂದು ಕಾರ್ಪೆಟ್ಟಿನ ಗೋದಾಮು, ಅವೆರಡರ ನಡುವೆ ಇಟ್ಟಿಗೆಯ ಒಂದು ಕಟ್ಟಡ, ಅದರ ಬಾಗಿಲ ಮೇಲೆ ತಟ್ಟೆಯಗಲದ ಬೋರ್ಡು: ಮಾರ್ನಿಂಗ್ ಲ್ಯಾಂಪ್ ರೇಡಿಯೋ. ಉಮಾಶಂಕರ ಬ್ರೇಕು ಒತ್ತಿದ ರಭಸಕ್ಕೆ ತೆಂಗಿನಕಾಯಿ ಉಷಾಳ ಕಾಲ ಮೇಲೆ ಬಿತ್ತು.

ಇಪ್ಪತ್ತೊಂದು ವರ್ಷ ಅವನು ಆ ಸ್ಟೇಷನ್ನು ಲಂಡನ್ನಿನಲ್ಲಿ ಅರಮನೆಯಂಥ ಕಟ್ಟಡದಲ್ಲಿ ಇರುತ್ತದೆಂದುಕೊಂಡಿದ್ದ. ಪತ್ರ ಬರೆಯುವ ವಿಳಾಸ ಲಂಡನ್ನಿನ ಪೋಸ್ಟ್ ಬಾಕ್ಸಾಗಿತ್ತು. ಅದಿರಲಿ, ಅವನು ಇಲ್ಲಿಗೆ ಬಂದ ಮೊದಲ ವರ್ಷ ಒಳ್ಳೆಯ ರೇಡಿಯೋ ಕೊಂಡು, ತೋಟದಲ್ಲಿ ಏರಿಯಲ್ ಕಟ್ಟಿ, ಪಕ್ಕದ ಮನೆಯವನು ಅದನ್ನು ಬಟ್ಟೆ ಒಣಹಾಕುವ ತಂತಿಯೆಂದೇ ತಿಳಿಯುವಷ್ಟು ದಿನ ಹುಡುಕಿದ್ದ. ಸಿಗಲಿಲ್ಲ. ಸಿಗುವುದಾದರೂ ಹೇಗೆ? ಮಾತು ಇಲ್ಲಿ ಟೇಪಿಗೆ ಇಳಿದು, ಟೇಪು ದೂರದ ಯಾವುದೋ ದ್ವೀಪದ ಬಾಡಿಗೆ ಟ್ರಾನ್ಸ್‌ಮಿಟರಿಗೆ ಹೋಗಿ, ಅಲ್ಲಿಂದ ನೆಟ್ಟಗೆ ನಮ್ಮ ದೇಶದ ಕಡೆಗೆ ಹಾರುತ್ತಿತ್ತು. ಹಿರೇಕೆರೂರಿನಲ್ಲಿ ಗಂಟೆ ಬಾರಿಸಿದಂತೆ ಕೇಳುತ್ತಿದ್ದ ಸ್ಟೇಷನ್ನು ಅದರ ಪಕ್ಕದ ಟೈರಿನ ಅಂಗಡಿಯವನಿಗೆ ಕೇಳುತ್ತಿರಲಿಲ್ಲ.

ಒಳಗೆ ಡೊರೀನ್ ಹ್ಯಾಡ್ಲಿ ಎಂಬ ಅರವತ್ತರ ಹೆಂಗಸು ಕ್ಯಾಲೆಂಡರುಗಳನ್ನು ಸುತ್ತಿ ಸುತ್ತಿ ಕಾಗದದ ಕೊಳವೆಗಳಿಗೆ ತುರುಕುತ್ತಿದ್ದಳು. ಆ ಸೀಮೆಯವರ ರೂಢಿಯಂತೆ ಆಕೆ ಕಂಡವರನ್ನೆಲ್ಲ "ಬ್ಯಾಬ್", ಎಂದರೆ ಮಗೂ, ಎಂದು ಕರೆಯುತ್ತಿದ್ದಳು, ಸ್ಟೇಷನ್ನಿನ ಪಾದ್ರಿಯನ್ನೂ ಬಿಡದೆ. ಪತ್ರ ವಿಭಾಗವೆಂದರೆ ಆಕೆಯೇ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕಾರಿನ ಕೀಲಿ ಹಿಡಿದು ಬಂದ ಮನುಷ್ಯ ನೇರ ಎದುರಿಗೆ ನಿಂತು, "ನಾನು 1979ರಲ್ಲಿ ಒಂದು ಪತ್ರ ಬರೆದಿದ್ದೆ. ಇನ್ನೂ ಉತ್ತರ ಬಂದಿಲ್ಲ" ಎಂದ.

ಡೊರೀನ್ ಕನ್ನಡಕದ ಮೇಲಿಂದ ನೋಡಿದಳು. "ಸ್ವಲ್ಪ ತಡ ಆಗಿದೆ ಅನ್ಸುತ್ತೆ, ಬ್ಯಾಬ್. ಟೀ ಕುಡೀತೀಯಾ?"

ಟೀ ಬಂತು, ಬಿಸ್ಕತ್ತು ಬಂತು. ಕಥೆ ಕೇಳಿದ ಮೇಲೆ ಡೊರೀನ್ ಅವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಇಪ್ಪತ್ತಾರು ಗೋಣಿಚೀಲಗಳು. ಸ್ಟೇಷನ್ನು ಎರಡು ಸಲ ಕಟ್ಟಡ ಬದಲಿಸಿದಾಗ ಹಳೆಯ ಪತ್ರಗಳನ್ನೆಲ್ಲ ಚೀಲಕ್ಕೆ ತುಂಬಿ ತಂದಿದ್ದರು, ಬಿಚ್ಚಿದವರಿಲ್ಲ. "ನಿನ್ನದು ಇದರಲ್ಲಿ ಇದ್ದರೂ ಇರಬಹುದು" ಎಂದಳು. ಆಮೇಲೆ ಏನೋ ಹೊಳೆದವಳಂತೆ ಮೇಜಿನ ಡ್ರಾಯರು ಎಳೆದು ಒಂದು ಪತ್ರದ ಕಟ್ಟನ್ನು ಎತ್ತಿದಳು. "ಈ ಲಿಪಿ ನಿನಗೆ ಓದೋಕೆ ಬರುತ್ತಾ?"

ಕನ್ನಡ! ಹಿಂದೆ ಕನ್ನಡ ಪತ್ರ ಓದುತ್ತಿದ್ದ ಕರ್ನಾಟಕದ ಇನ್ನೊಬ್ಬ ಪಾದ್ರಿ ಊರಿಗೆ ಮರಳಿ ಒಂದು ವರ್ಷವಾಗಿತ್ತು. ಕಾರ್ಯಕ್ರಮದ ಟೇಪುಗಳೇನೋ ಬೆಂಗಳೂರಿನಿಂದ ಸಿದ್ಧವಾಗಿ ಬರುತ್ತಿದ್ದವು. ಪತ್ರಕ್ಕೆ ಮಾತ್ರ ದಿಕ್ಕಿರಲಿಲ್ಲ. ಡೊರೀನ್ ವ್ಯವಹಾರ ಬಲ್ಲವಳು. "ಶನಿವಾರ ಬಾ. ಒಂದು ಗಂಟೆ ಈ ಪತ್ರಗಳನ್ನು ಓದಿ ಉತ್ತರ ಬರಿ. ಆಮೇಲೆ ಒಂದು ಗಂಟೆ ನಿನ್ನ ಚೀಲ ನೀನು ಹುಡುಕಿಕೋ. ಸಿಕ್ಕಿದ ದಿನ ನಾನೇ ಸಹಿ ಮಾಡಿ ಕಾರ್ಡು ಕೊಡ್ತೀನಿ."

ಉಮಾಶಂಕರ ಕಾರಿಗೆ ಮರಳಿ ವಿಷಯ ಹೇಳಿದಾಗ ಉಷಾ ಕಾಲು ತಿಕ್ಕಿಕೊಳ್ಳುತ್ತಿದ್ದಳು. "ಅಲ್ರೀ, ಬಾಲಾಜಿ ದರ್ಶನಕ್ಕೆ ಅಂತ ಹೊರಟು ಯೇಸುವಿನ ಆಫೀಸಲ್ಲಿ ಕೆಲಸ ಹಿಡಿದವರು ಈ ಭೂಮಿ ಮೇಲೆ ನೀವೊಬ್ಬರೇ ಇರಬೇಕು."

ಅಲ್ಲಿಂದ ಶುರುವಾಯಿತು. ಶನಿವಾರ ಬೆಳಿಗ್ಗೆ ಉಷಾಳನ್ನು ಗುಡಿಯಲ್ಲಿ ಇಳಿಸುವುದು, ಒಂದು ನಮಸ್ಕಾರ ಹಾಕಿ ಸ್ಟೇಷನ್ನಿಗೆ ಬರುವುದು. ಗುಡಿಯ ಪ್ರಸಾದದ ಸಾಲಿನಲ್ಲಿ "ಉಮಾಶಂಕರ್ ಕ್ರಿಶ್ಚಿಯನ್ ಆಗ್ಬಿಟ್ಟರಂತೆ, ಹೌದಾ?" ಎಂದು ಯಾರೋ ಕೇಳಿದರು. "ಇಲ್ಲಪ್ಪ, ಪೋಸ್ಟ್‌ಮನ್ ಆಗಿದ್ದಾರೆ" ಎಂದಳು ಉಷಾ, ಪುಳಿಯೋಗರೆಗೆ ಕೈ ಚಾಚುತ್ತ.

ಪತ್ರಗಳೋ, ಒಂದೊಂದೂ ಒಂದೊಂದು ತರಹ. ಪ್ರಾರ್ಥನೆ ಕೇಳಿ ಬರೆದವರ ಪತ್ರ, ಧರ್ಮದ ಪ್ರಶ್ನೆಯ ಪತ್ರ, ಇವನ್ನೆಲ್ಲ ಉಮಾಶಂಕರ ಇಂಗ್ಲಿಷಿಗೆ ಇಳಿಸಿ ಪಾದ್ರಿಯ ಮೇಜಿಗೆ ದಾಟಿಸುತ್ತಿದ್ದ. ಅದು ತನ್ನ ಇಲಾಖೆಯಲ್ಲ. ಮಿಕ್ಕವರಿಗೆಲ್ಲ ಬೇಕಾಗಿದ್ದದ್ದು ಕ್ಯಾಲೆಂಡರು. ಹೊಸದುರ್ಗದ ಒಬ್ಬ ಶ್ರೋತೃ ಸಂಘದ ಅಧ್ಯಕ್ಷನಂತೂ ನಲವತ್ತು ಸದಸ್ಯರ ಹೆಸರಲ್ಲಿ ನಲವತ್ತು ಪತ್ರ ಬರೆದಿದ್ದ. ಎಲ್ಲದರಲ್ಲೂ ಒಂದೇ ಕೈಬರಹ, ಒಂದೇ ಮಸಿ, ಒಂದೇ ಕಡೆ ಸಾಂಬಾರಿನ ಕಲೆ. ಡೊರೀನ್ ಹಿಂದೆಲ್ಲ ಬರೆದವರಿಗೆಲ್ಲ ಠಪ್ ಠಪ್ ಎಂದು ಮೊಹರು ಒತ್ತಿ ಕಾರ್ಡು ಕಳಿಸಿಬಿಡುತ್ತಿದ್ದಳಂತೆ. ಅದನ್ನು ಕೇಳಿ ಉಮಾಶಂಕರನಿಗೆ ಎದೆ ಹೊಡೆದುಕೊಂಡಿತು.

"ಮಿಸೆಸ್ ಹ್ಯಾಡ್ಲಿ, ತಾಳೆ ನೋಡದೆ ಕಾರ್ಡು ಕೊಟ್ಟರೆ ಆ ಕಾರ್ಡಿಗೆ ಬೆಲೆ ಏನು? ನಿಜವಾಗಿ ಕೇಳಿದವನ ಗತಿ ಏನು?"

ಅಂದಿನಿಂದ ದಿನಚರಿ ಪುಸ್ತಕ ಅವನ ಮೇಜಿಗೆ ಬಂತು. ತಾರೀಖು, ಗಂಟೆ, ಮಾತಾಡಿದವರು, ಹಾಡು, ಎಲ್ಲ ತಾಳೆಯಾದರೆ ಕಾರ್ಡು. ಇಲ್ಲವಾದರೆ ಒಂದು ಉತ್ತರ: "ತಮ್ಮ ವರದಿ ನಮ್ಮ ದಾಖಲೆಗೆ ಹೊಂದುವುದಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ." ಕೆಳಗೆ ಸಹಿಯಿಲ್ಲ, "ಕಾರ್ಡು ವಿಭಾಗ" ಎಂದಷ್ಟೇ. ಡೊರೀನ್ ಒಂದು ದಿನ ಪಾದ್ರಿಗೆ ಹೇಳಿದಳು, "ನಮ್ಮ ದೇವರು ಕ್ಷಮಿಸ್ತಾನೆ ಅಂತ ನಾವು ದಿನಾ ರೇಡಿಯೋದಲ್ಲಿ ಹೇಳ್ತೀವಿ. ಆದರೆ ನಮ್ಮ ಕಾರ್ಡು ವಿಭಾಗ ಕ್ಷಮಿಸಲ್ಲ."

ಹಾಗೆ ಕ್ಷಮೆ ಸಿಗದವರಲ್ಲಿ ಮುಖ್ಯನಾದವನು ಹಿರೇಕೆರೂರಿನ ಮಹೇಶ.

ಇವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. 1999ರ ಏಪ್ರಿಲ್ ಹದಿನೆಂಟರ ಕಾರ್ಯಕ್ರಮ ಕೇಳಿದೆನೆಂದು ವರದಿ ಬರೆದಿದ್ದ: "ದಾರಿಯೊಳಗ ಬಿದ್ದವನ್ನ ಎತ್ತಿ ಉಪಚಾರ ಮಾಡಿದ ಪುಣ್ಯಾತ್ಮನ ಕಥಿ ಹೇಳಿದ್ರಿ. ಕೇಳಿ ಕಣ್ಣಾಗ ನೀರು ಬಂತು. ಧ್ವನಿ ಭಾಳ ಸ್ವಚ್ಛ ಇತ್ರಿ." ಉಮಾಶಂಕರ ಪುಸ್ತಕ ತೆರೆದ. ಕೇಳುಗರಿಗೆ ಮುಂಚೆಯೇ ಕಳಿಸುವ ಅಚ್ಚಾದ ವೇಳಾಪಟ್ಟಿಯಲ್ಲಿ ಅವತ್ತು ಆ ಕಥೆಯೇ ಇತ್ತು, ನಿಜ. ಆದರೆ ಟೇಪು ಸಮಯಕ್ಕೆ ಬಾರದೆ, ಆ ಸಂಜೆ ಹದಿನೈದು ನಿಮಿಷವೂ ಬರೀ ಹಾಡು ಹಾಕಿದ್ದರು. ಮಹಾಶಯ ರೇಡಿಯೋ ಮುಟ್ಟೇ ಇರಲಿಲ್ಲ. ವೇಳಾಪಟ್ಟಿ ನೋಡಿ ಕಣ್ಣೀರು ಹಾಕಿದ್ದ!

ವಿಷಾದದ ಉತ್ತರ ಹೋಯಿತು. ತಿಂಗಳಲ್ಲಿ ಮರುಟಪಾಲು ಬಂತು.

"ಸಾಹೇಬ್ರ, ಹಿಂಗ್ಯಾಕ್ರಿ? ನಿಮ್ಮ ಕಾರ್ಡಿನ ಸಲುವಾಗಿ ಸಾಗವಾನಿ ಕಟ್ಟು ಮಾಡಿ, ಗಾಜು ಹಾಕಿ, ಗಲ್ಲಾದ ಮ್ಯಾಲೆ ತೂಗ ಹಾಕೇನಿ. ಒಳಗ ಏನೂ ಇಲ್ಲ. ಬಂದ ಗಿರಾಕಿ 'ಇದೇನ್ರಿ ಖಾಲಿ' ಅಂತಾರ. 'ವಿಲಾಯತಿಯಿಂದ ಬರಾಕತ್ತೈತಿ' ಅಂತ ಹೇಳೇನಿ. ಮಾನ ಉಳಸ್ರಿ."

ಉಮಾಶಂಕರ ಬರೆದ: ಬೇರೆ ಯಾವುದಾದರೂ ದಿನ ನಿಜವಾಗಿ ಕೇಳಿ ಬರೆಯಿರಿ, ಮರುದಿನವೇ ಕಾರ್ಡು ಕಳಿಸುತ್ತೇವೆ. ಮಹೇಶ ಒಪ್ಪಲಿಲ್ಲ. "ದಿನಾ ಕೇಳತೇನ್ರಿ, ಅದರಾಗ ಏನದ? ನನಗ ಆ ತಾರೀಖಿಂದ ಬೇಕ್ರಿ. ಅವತ್ತ ಅಕ್ಷಯ ತದಿಗಿ. ನನ್ನ ಅಂಗಡಿ ತಗದ ದಿವಸ. ಅವತ್ತಿನ ತಾರೀಖಿನ ವಿಲಾಯತಿ ಕಾರ್ಡ ಗ್ವಾಡಿ ಮ್ಯಾಲಿದ್ರ ಅಂಗಡಿಗೆ ಕಳಾ ಬರತದ."

ಅಂಗಡಿ ತೆರೆದ ದಿನ, ಬಂದವರಿಗೆ ಪಾನಕ ಕೊಡುವ ಗಡಿಬಿಡಿಯಲ್ಲಿ, ಯಾವ ಪುಣ್ಯಾತ್ಮ ಶಾರ್ಟ್‌ವೇವ್ ಕೇಳುತ್ತಾನೆ? ಎಲ್ಲ ಸ್ಪಷ್ಟವಾಯಿತು. ಉಮಾಶಂಕರ ಮತ್ತೆ ವಿಷಾದಿಸಿದ. ಹೀಗೆ ನಾಲ್ಕು ವರ್ಷ ನಡೆಯಿತು. ಪ್ರತಿ ಅಕ್ಷಯ ತದಿಗೆಗೆ ಹಿರೇಕೆರೂರಿನಿಂದ ಒಂದು ಪತ್ರ, ಇಲ್ಲಿಂದ ಒಂದು ವಿಷಾದ. ಒಂದು ವರ್ಷ ಮಹೇಶ ಫೋಟೋವನ್ನೇ ಕಳಿಸಿದ: ಗೋಡೆಯ ತುಂಬ ದೇವರು, ದಿವಂಗತರಾದ ಹಿರಿಯರು, ಮದುಮಕ್ಕಳು, ನಟ್ಟನಡುವೆ ಖಾಲಿ ಚೌಕಟ್ಟು, ಅದಕ್ಕೊಂದು ಪ್ಲಾಸ್ಟಿಕ್ಕಿನ ಹೂಮಾಲೆ. ಪಕ್ಕದಲ್ಲಿ ಮಹೇಶ, ಮೀಸೆ ತಿರುವಿ, ಎದೆ ಉಬ್ಬಿಸಿ ನಿಂತಿದ್ದ.

ಡೊರೀನ್ ಆ ಫೋಟೋ ನೋಡಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಕೊಟ್ಟುಬಿಡೋ ಬ್ಯಾಬ್, ರಟ್ಟಿನ ಚೂರು ಅದು."

"ರಟ್ಟಿನ ಚೂರಲ್ಲ, ಮಿಸೆಸ್ ಹ್ಯಾಡ್ಲಿ. ಅದರ ಮೇಲೆ 'ನೀವು ಕೇಳಿದಿರೆಂದು ಖಾತ್ರಿಪಡಿಸುತ್ತೇವೆ' ಅಂತ ಅಚ್ಚಾಗಿದೆ. ಸುಳ್ಳಿಗೆ ನಾನು ಸಹಿ ಹಾಕೋದು ಹ್ಯಾಗೆ? ನನಗೆ ನಿಜ ಬರೆದೇ ಇಪ್ಪತ್ತೈದು ವರ್ಷ ಆಯ್ತು ಕಾಯ್ತಾ, ಇವನಿಗೆ ಸುಳ್ಳು ಬರೆದ ವರ್ಷವೇ ಬೇಕಾ?"

ಹೀಗೆಂದು ಅವನು ಹಿಂದಿನ ಕೋಣೆಗೆ ಹೋಗಿ ತನ್ನ ಚೀಲ ಬಿಚ್ಚಿ ಕೂರುತ್ತಿದ್ದ. ಒಂದೊಂದು ಚೀಲದಲ್ಲೂ ನೂರಾರು ಪತ್ರ, ಎಂಟು ಹತ್ತು ಭಾಷೆ, ಒಂದಕ್ಕೂ ಕ್ರಮವಿಲ್ಲ. ಅವನೋ, ಕಣ್ಣಾಡಿಸಿ ಎಸೆಯುವ ಜಾತಿಯಲ್ಲ. ದೇಶವಾರು, ವರ್ಷವಾರು ಜೋಡಿಸಿ, ದಾರ ಕಟ್ಟಿ, ಚೀಟಿ ಅಂಟಿಸುತ್ತಿದ್ದ. ನಾಲ್ಕು ವರ್ಷಕ್ಕೆ ಇಪ್ಪತ್ತೆರಡು ಚೀಲ ಮುಗಿದಿತ್ತು.

2004ರ ಫೆಬ್ರವರಿಯಲ್ಲಿ ಡೊರೀನ್ ಟೀ ಕೊಟ್ಟು, ಬಿಸ್ಕತ್ತು ಕೊಟ್ಟು, ಎರಡನೇ ಬಿಸ್ಕತ್ತನ್ನೂ ಕೊಟ್ಟಳು. ಎರಡನೆಯದು ಬಂದಾಗಲೇ ಉಮಾಶಂಕರನಿಗೆ ಏನೋ ಕೆಟ್ಟ ಸುದ್ದಿ ಇದೆಯೆಂದು ಗೊತ್ತಾಯಿತು. ಶಾರ್ಟ್‌ವೇವ್ ಮುಗಿಯಿತು. ಇನ್ನು ಮೇಲೆ ಎಲ್ಲ ಇಂಟರ್ನೆಟ್ಟಿನಲ್ಲಂತೆ. ಮಾರ್ಚ್ ಮೂವತ್ತೊಂದಕ್ಕೆ ಕೊನೆಯ ಪ್ರಸಾರ, ಅದೇ ದಿನ ಕಟ್ಟಡ ಖಾಲಿ, ಕಾರ್ಡು ವಿಭಾಗ ಬಂದ್. ಮಿಕ್ಕ ಚೀಲಗಳು ರದ್ದಿಗೆ.

"ಮೂವತ್ತೊಂದರ ನಂತರ ಕಾರ್ಡು ಕೊಡೋಕೆ ಆಗಲ್ವಾ?"

"ಸ್ಟೇಷನ್ನೇ ಇಲ್ಲದ ಮೇಲೆ ಕಾರ್ಡು ಎಲ್ಲಿಂದ ತರ್ಲಿ, ಬ್ಯಾಬ್?"

ಉಮಾಶಂಕರ ಹುಟ್ಟಿದಾರಭ್ಯ ಎಂದೂ ಮಾಡದ ಕೆಲಸ ಮಾಡಿದ: ಮಾರ್ಚಿನ ಕಡೆಯ ವಾರ ಆಫೀಸಿಗೆ ರಜೆ ಹಾಕಿದ. ಕಾರಣದ ಜಾಗದಲ್ಲಿ "ಕುಟುಂಬದ ತುರ್ತು" ಎಂದು ಬರೆದ. ಅದು ಸುಳ್ಳಲ್ಲವೇ ಎಂದು ಉಷಾ ಕೇಳಿದ್ದಕ್ಕೆ, "ನೀನೂ ಬಾ, ಆಗ ಕುಟುಂಬ ಆಗುತ್ತೆ" ಎಂದ. ಗೊಣಗುತ್ತಲೇ ಹೊರಟಳು. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು, ಗಂಡ ಹೆಂಡತಿ ಚೀಲಗಳ ನಡುವೆ ಕೂತರು. ಇಪ್ಪತ್ಮೂರು ಮುಗಿಯಿತು, ಇಪ್ಪತ್ನಾಲ್ಕು ಮುಗಿಯಿತು. ಈ ಸಲ ದಾರ ಕಟ್ಟಲೂ ಪುರುಸೊತ್ತಿರಲಿಲ್ಲ.

ಮೂವತ್ತನೇ ತಾರೀಖು ಮಧ್ಯಾಹ್ನ, ಇಪ್ಪತ್ತಾರನೇ ಚೀಲದ ತಳದಲ್ಲಿ, ಉಷಾಳ ಕೈಗೆ ಒಂದು ನೀಲಿ ಏರೋಗ್ರಾಮ್ ಸಿಕ್ಕಿತು. "ರೀ, ಇಲ್ನೋಡಿ. ನಿಮ್ಮ ಅಕ್ಷರ. ಆಗಲೂ ಇರುವೆ ಸಾಲಿನ ಹಾಗೇ ಇತ್ತು."

ಉಮಾಶಂಕರ ಕೂಗಿಕೊಂಡ. ಡೊರೀನ್ ಟೀ ಬಿಟ್ಟು ಓಡಿ ಬಂದಳು. ಉಷಾ ಗಟ್ಟಿಯಾಗಿ ಓದಿದಳು: "ಮಾನ್ಯರೇ, 18-3-1979ರ ಸಂಜೆ ತಮ್ಮ ಕನ್ನಡ ಕಾರ್ಯಕ್ರಮವನ್ನು ಆದ್ಯಂತವಾಗಿ ಆಲಿಸಿ ಪುಳಕಿತನಾದೆನು. ಭಾಷಣಕಾರರ ಧ್ವನಿ ಸ್ಪಷ್ಟವಿದ್ದರೂ ಅವರಿಗೆ ಕೊಂಚ ನೆಗಡಿಯಾದಂತೆ ತೋರಿತು. ಶುಂಠಿ ಕಷಾಯ ಸೇವಿಸಲು ನನ್ನ ವಿನಂತಿ."

"ನೋಡಿದ್ರಾ!" ಎಂದ ಉಮಾಶಂಕರ. "ನೆಗಡಿ ಸಹ ಗಮನಿಸಿದ್ದೆ. ಇದಕ್ಕಿಂತ ಇನ್ನೇನು ಪುರಾವೆ ಬೇಕು?"

ಡೊರೀನ್ ಕಾಗದವನ್ನು ತಿರುಗಿಸಿದಳು. ಹಿಂಬದಿಯಲ್ಲಿ ಆ ಕಾಲದ ಯಾರೋ ಗುಮಾಸ್ತರು ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚಿದ್ದರು. ಆಕೆ ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ತೀರಾ ಮೆತ್ತಗೆ ಹೇಳಿದಳು: "'ಬಿರುಗಾಳಿಗೆ ಟ್ರಾನ್ಸ್‌ಮಿಟರಿನ ಕಂಬ ಬಿದ್ದು ಮಾರ್ಚ್ ಹದಿನಾರರಿಂದ ಇಪ್ಪತ್ತರವರೆಗೆ ಪ್ರಸಾರ ಇರಲಿಲ್ಲ. ಹುಡುಗ ಕೇಳಿಲ್ಲ. ಕೈಬರಹ ಚೆನ್ನಾಗಿದೆ. ಬೇಜಾರು ಮಾಡಬಾರದು, ಉತ್ತರ ಬೇಡ.'"

ಉಮಾಶಂಕರನ ಮುಖದ ಬಣ್ಣ ಇಳಿಯುತ್ತ ಹೋಯಿತು. ಇಪ್ಪತ್ತೈದು ವರ್ಷ ಎಲ್ಲಿ ಅಡಗಿತ್ತೋ, ಒಂದೇ ಏಟಿಗೆ ಎಲ್ಲ ನೆನಪಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದು ಅಪ್ಪ ರೇಡಿಯೋವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಗೆಳೆಯರಿಗೆ ಮಾತ್ರ ಮೊದಲೇ ಹೇಳಿಯಾಗಿತ್ತು, ಇಂಗ್ಲೆಂಡಿನ ಕಾರ್ಡು ಬರುತ್ತದೆಂದು. ವೇಳಾಪಟ್ಟಿ ಕೈಯಲ್ಲಿತ್ತು. ಮಿಕ್ಕದ್ದನ್ನು ಅವನೇ ಸೇರಿಸಿದ್ದ. ಸತ್ಯದ ಹಾಗೆ ಕಾಣಲಿ ಎಂದು ನೆಗಡಿಯನ್ನು, ನೆಗಡಿಗೆ ತಕ್ಕ ಕಷಾಯವನ್ನು. ಆಮೇಲೆ ಕಾರ್ಡು ಬಾರದ ಸಿಟ್ಟಿನಲ್ಲಿ, ಹೇಳಿದ್ದನ್ನೇ ಹೇಳಿ ಹೇಳಿ, ಕೇಳಿದ್ದೆ ಎಂದೇ ನಂಬಿಬಿಟ್ಟಿದ್ದ.

ಮೊದಲು ಉಷಾಳಿಗೆ ತಡೆಯಲಾಗಲಿಲ್ಲ. "ನಾನು ನಿಯತ್ತಾಗಿ ಬರೆದಿದ್ದೆ ಉಷಾ!" ಎಂದು ಗಂಡನ ಧ್ವನಿಯಲ್ಲೇ ಅಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಣಿಚೀಲದ ಮೇಲೆ ಬಿದ್ದು ನಕ್ಕಳು. ಡೊರೀನಿಗೂ ಅಂಟಿತು. ಎಷ್ಟೋ ಹೊತ್ತಿನ ಮೇಲೆ ಉಷಾ ತಲೆ ಎತ್ತಿ ನೋಡಿದರೆ, ಗಂಡ ಕಾಗದ ಹಿಡಿದುಕೊಂಡು ನಿಂತೇ ಇದ್ದ. ಕಣ್ಣು ತುಂಬಿತ್ತು.

"ನನಗೆ ನಾಚಿಕೆ ಆಗ್ತಿದೆ ಉಷಾ," ಎಂದ. "ಹಿರೇಕೆರೂರಿನವನಿಗೆ ನಾಲ್ಕು ವರ್ಷ ಸತ್ಯದ ಪಾಠ ಹೇಳ್ದೆ. ನಾಲ್ಕು ವರ್ಷ!"

ಡೊರೀನ್ ಡ್ರಾಯರಿನಿಂದ ಉಳಿದ ಕಾರ್ಡುಗಳನ್ನು ತಂದಳು. "ನೋಡು, ನಾಳೆಗೆ ಇದೆಲ್ಲ ರದ್ದಿ. ನಾನು ಸಹಿ ಮಾಡಿ ಕೊಡ್ತೀನಿ, ನಿನ್ನ ಪುಟಕ್ಕೆ ಅಂಟಿಸಿಕೋ. ನೀನು ದುಡಿದಿದ್ದೀಯ. ಯಾರಿಗೆ ಗೊತ್ತಾಗುತ್ತೆ?"

ಉಮಾಶಂಕರ ಆ ಕಾರ್ಡನ್ನು ಬಹಳ ಹೊತ್ತು ನೋಡಿದ. ದೀಪಸ್ತಂಭದ ಚಿತ್ರ, ಕೆಳಗೆ ಚಿನ್ನದ ಬಣ್ಣದ ಅಕ್ಷರ. ಬೇಕೆನ್ನಿಸಲಿಲ್ಲ ಎಂದರೆ ಸುಳ್ಳು. ಕೈ ಚಾಚಿಯೂ ಚಾಚಿದ. ಆದರೆ ತೆಗೆದುಕೊಂಡು ಜೇಬಿಗೆ ಹಾಕಲಿಲ್ಲ, ಮೇಜಿನ ಮೇಲಿಟ್ಟು, ಕೂತು, ಸ್ಕೇಲು ಕೇಳಿದ. "ನೀವು ಕೇಳಿದಿರೆಂದು ಖಾತ್ರಿಪಡಿಸುತ್ತೇವೆ" ಎಂಬ ಸಾಲನ್ನು ಸ್ಕೇಲಿಟ್ಟು ನೆಟ್ಟಗೆ ಹೊಡೆದು ಹಾಕಿದ. ಅದರ ಕೆಳಗೆ ತನ್ನ ಇರುವೆ ಸಾಲಿನ ಅಕ್ಷರದಲ್ಲಿ ಬರೆದ: "18-4-1999, ಅಕ್ಷಯ ತದಿಗೆಯಂದು, ಹಿರೇಕೆರೂರಿನಲ್ಲಿ ಶ್ರೀ ಮಹೇಶ ಅವರ ಅಂಗಡಿ ಆರಂಭವಾಯಿತೆಂದು ಮಾರ್ನಿಂಗ್ ಲ್ಯಾಂಪ್ ರೇಡಿಯೋ ಈ ಮೂಲಕ ಖಾತ್ರಿಪಡಿಸುತ್ತದೆ." ಡೊರೀನ್ ಸಹಿ ಹಾಕಿ, ತನ್ನ ಕೆಲಸದ ಕಡೆಯ ಮೊಹರನ್ನು ಗಟ್ಟಿಯಾಗಿ ಒತ್ತಿದಳು.

"ಅಂಗಡಿ ಅವತ್ತೇ ಶುರುವಾಯ್ತು ಅಂತ ನಿಮ್ಮ ಪುಸ್ತಕದಲ್ಲಿದೆಯೇನ್ರಿ?" ಎಂದಳು ಉಷಾ.

"ಇಲ್ಲ. ಆದರೆ ಅವನು ಪ್ರತಿ ವರ್ಷದ ಪತ್ರದಲ್ಲೂ ಅದೇ ತಾರೀಖು ಹೇಳಿದ್ದಾನೆ. ಒಪ್ಪಿಕೊಂಡೆ."

ಕಾರ್ಡಿನ ಜೊತೆ ಒಂದು ಪತ್ರವನ್ನೂ ಇಟ್ಟ. ಅದರಲ್ಲಿ ಬೀರು, ಬೀಗ, ನೆಗಡಿ, ಕಷಾಯ, ಕಂಬ, ಯಾವುದನ್ನೂ ಬಿಡದೆ ಎಲ್ಲ ಬರೆದ. ಕಡೆಯಲ್ಲಿ ಮೊದಲ ಬಾರಿಗೆ "ಕಾರ್ಡು ವಿಭಾಗ" ಎನ್ನುವ ಬದಲು ತನ್ನ ಹೆಸರು, ತನ್ನ ಮನೆಯ ವಿಳಾಸ ಹಾಕಿದ.

ಸ್ಟೇಷನ್ನು ಮುಚ್ಚಿತು. ಶನಿವಾರಗಳಲ್ಲಿ ಉಮಾಶಂಕರ ಗುಡಿಯಲ್ಲಿ ಕೊನೆಯ ಮಂಗಳಾರತಿಯವರೆಗೂ ಕೂರುವುದನ್ನು ಕಂಡು, ಮರಳಿ ಹಿಂದೂ ಆದರೆಂದು ಪ್ರಸಾದದ ಸಾಲಿನಲ್ಲಿ ಸುದ್ದಿಯಾಯಿತು. ಆಲ್ಬಮ್ಮನ್ನು ಅವನು ಅಟ್ಟಕ್ಕೆ ಹಾಕಿದ್ದ. ಮಾರ್ನಿಂಗ್ ಲ್ಯಾಂಪಿನ ಹೆಸರೆತ್ತಿ ಸಿಟ್ಟಾಗುವವನೂ ಇಲ್ಲದೆ ಮನೆ ಬಿಕೋ ಎನ್ನುತ್ತಿದೆಯೆಂದು ಉಷಾಳಿಗೇ ಬೇಜಾರಾಯಿತು.

ಜೂನ್ ತಿಂಗಳಲ್ಲಿ, ಬಟ್ಟೆಯಲ್ಲಿ ಹೊಲಿದು ಅರಗು ಹಾಕಿದ ಒಂದು ಪಾರ್ಸೆಲ್ಲು ಬಂತು. ಒಳಗೆ ಹುಲ್ಲು, ಹುಲ್ಲಿನೊಳಗೆ ಹಿರೇಕೆರೂರಿನ ನ್ಯೂಸ್‌ಪೇಪರು, ಅದರೊಳಗೆ ಒಂದು ಫೋಟೋ. ಗಲ್ಲಾದ ಮೇಲಿನ ಸಾಗವಾನಿ ಚೌಕಟ್ಟಿನಲ್ಲಿ ದೀಪಸ್ತಂಭದ ಕಾರ್ಡು, ಪಕ್ಕದಲ್ಲಿ ಮಹೇಶ, ಮೀಸೆ ಹಿಂದಿಗಿಂತ ಮೇಲೆ. ಫೋಟೋದ ಕೆಳಗೆ ಇನ್ನೊಂದು ಗಂಟು. ಬಿಚ್ಚಿದರೆ ಅದೂ ಸಾಗವಾನಿ ಚೌಕಟ್ಟು, ಗಾಜು ಹಾಕಿದ್ದು. ಒಳಗೆ ಕೈಯಲ್ಲೇ ಬರೆದ, ಅಂಚಿಗೆ ಚಿನ್ನದ ಕಾಗದ ಅಂಟಿಸಿದ ಒಂದು ಕಾರ್ಡು. ಮೇಲೆ "ಮಹೇಶ ಫೋಟೋ ಕಟ್ಟಿನ ಅಂಗಡಿ, ಕಾರ್ಡು ವಿಭಾಗ" ಎಂದಿತ್ತು. ಅದರ ಕೆಳಗೆ:

"18-3-1979ರ ಸಂಜೆ 7-15ಕ್ಕೆ ಚಿತ್ರದುರ್ಗದ ಶ್ರೀ ಉಮಾಶಂಕರ ಅವರು ರೇಡಿಯೋ ಕೇಳಿಲ್ಲವೆಂದು ನಮ್ಮ ದಾಖಲೆ ನೋಡಿ ಈ ಮೂಲಕ ಖಾತ್ರಿ ಮಾಡಲಾಗಿದೆ." ಸಹಿ, ಅಂಗಡಿಯ ಮೊಹರು.

ಉಷಾ ಉಸಿರು ಬಿಗಿಹಿಡಿದು ಗಂಡನ ಮುಖ ನೋಡಿದಳು. ಉಮಾಶಂಕರ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ತಾರೀಖು ನೋಡಿದ. ಗಂಟೆ ನೋಡಿದ. ಊರು, ಹೆಸರು, ಮೊಹರು ನೋಡಿದ.

"ಎಲ್ಲ ಸರಿಯಾಗಿದೆ," ಎಂದ. ಆಮೇಲೆ ಎದ್ದು, ಅಟ್ಟದಿಂದ ಆಲ್ಬಮ್ಮನ್ನು ಇಳಿಸಲು ಏಣಿ ತಂದ.